ಇನ್ಸುಲಿನ್ನು ಅಂದ್ರೆ ನಡುಗಡ್ಡೆ ರಸ

ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಕಡೆ ಡಾಕ್ಟ್ರು ಇನ್ಸುಲಿನ್ ಬರ್ಕೊಟ್ರೆ, "ಇನ್ನು ನಂದು ಮುಗೀತು ಕಣಕ್ಕ" ಅಂತ ಹೆದರೋ ಹೆಂಗಸ್ರು ಬಾಳ ಜನ ಅವ್ರೆ. ಆ ಹೆಸರಿನ ಅರ್ಥ ಗೊತ್ತಾದ್ರೆ ಅರ್ಧ ಹೆದರಿಕೆ ಹೋಗ್ತದೆ.

ಕಾಯಿಲೆ ಹೆಸರು ನಮ್ಮದೇ. ಮೂತ್ರ ಸಿಹಿಯಾಗೋದನ್ನ ಕಂಡ ಹಳೇ ಕಾಲದ ವೈದ್ಯರು ಮಧುಮೇಹ ಅಂದ್ರು. ಔಷಧಿ ಹೆಸರು ಮಾತ್ರ ದೂರದ್ದು.

1869ರಲ್ಲಿ ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ ಅನ್ನೋ ವಿದ್ಯಾರ್ಥಿ ಮೇದೋಜೀರಕ ಗ್ರಂಥಿಯನ್ನ ಸೂಕ್ಷ್ಮದರ್ಶಕದಲ್ಲಿ ನೋಡ್ದ. ತುಂಬಿದ ಕೆರೆ ಮಧ್ಯೆ ದಿಬ್ಬಗಳು ಎದ್ದಂಗೆ, ಅಲ್ಲಲ್ಲಿ ಬೇರೆ ಥರದ ಜೀವಕೋಶಗಳ ಗುಂಪು ಕಂಡ್ವು. ನಡುಗಡ್ಡೆಗೆ ಲ್ಯಾಟಿನ್ ಭಾಷೇಲಿ ‘ಇನ್ಸುಲಾ’ ಅಂತಾರೆ. ಆ ನಡುಗಡ್ಡೆಗಳ ರಸಕ್ಕೆ 1909ರಲ್ಲಿ ಬೆಲ್ಜಿಯಂನ ಜಾನ್ ಡಿ ಮೇಯರ್ ‘ಇನ್ಸುಲಿನ್’ ಅಂತ ಹೆಸರಿಟ್ರು. ರಸ ಇನ್ನೂ ಯಾರ ಕೈಗೂ ಸಿಕ್ಕಿರಲಿಲ್ಲ. ಕೂಸು ಹುಟ್ಟೋಕೆ ಮುಂಚೆ ಕುಲಾವಿ!

ಕೂಸು ಹುಟ್ಟಿದ್ದು 1921ರಲ್ಲಿ, ಕೆನಡಾದ ಟೊರಾಂಟೋದಲ್ಲಿ. ಬ್ಯಾಂಟಿಂಗ್, ಬೆಸ್ಟ್ ಅನ್ನೋರು ಆ ರಸ ತೆಗೆದ್ರು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಸೂಜಿ ಹಾಕಿದ್ರು. ಸಾಯೋ ಸ್ಥಿತೀಲಿದ್ದ ಹುಡುಗ ಆಮೇಲೆ 13 ವರ್ಷ ಬದುಕಿದ. ಅದಕ್ಕೂ ಮುಂಚೆ ಅಂಥ ಮಕ್ಕಳು ಒಣಗಿ ಒಣಗಿ, ಒಂದೆರಡು ವರ್ಷದಲ್ಲೇ ತೀರ್ಕೊಳ್ತಿದ್ರು.

ಇದು ಕೊನೇಗಾಲದ ಮದ್ದಲ್ಲ ಕಣ್ರಮ್ಮ. ನಮ್ಮ ಹೊಟ್ಟೆಯೊಳಗಿನ ನಡುಗಡ್ಡೆ ಕೊಡ್ಬೇಕಾಗಿದ್ದ ರಸಾನೇ ಹೊರಗಿಂದ ತುಂಬೋದು. ಡಾಕ್ಟ್ರು ಬರ್ದಿದ್ರೆ ಹೆದರಿ ಬಿಡಬ್ಯಾಡಿ.