ಯುಎಸ್‌ಬಿ ಡ್ರೈವ್ ಅಡಾಪ್ಟರ್

ಕಂಪ್ಯೂಟರಿನ ಒಳಗೆ ಕೂರಿಸಲೆಂದು ತಯಾರಾದ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಅಥವಾ ಡಿವಿಡಿ ಡ್ರೈವನ್ನು ಹೊರಗಿನಿಂದಲೇ ಯುಎಸ್‌ಬಿ ಪೋರ್ಟಿಗೆ ಜೋಡಿಸಲು ಬಳಸುವ ಸಾಧನ. ಕೆಟ್ಟುನಿಂತ ಲ್ಯಾಪ್‌ಟಾಪಿನ ಡಿಸ್ಕಿನಿಂದ ಕಡತಗಳನ್ನು ಹೊರತೆಗೆಯುವುದು, ಹಳೆಯ ಡಿಸ್ಕನ್ನು ಹೊಸದಕ್ಕೆ ನಕಲು ಮಾಡುವುದು ಇದರ ಮುಖ್ಯ ಬಳಕೆ. ನೋಟಕ್ಕೆ ಬರಿಯ ಕೇಬಲ್ ಎನಿಸಿದರೂ ಇದರೊಳಗೆ ಬ್ರಿಡ್ಜ್ ಎಂಬ ಚಿಪ್ ಇರುತ್ತದೆ. ಕಂಪ್ಯೂಟರ್ ಯುಎಸ್‌ಬಿ ಮೂಲಕ ಕಳಿಸುವ, ಸ್ಕಸಿ ಎಂಬ ಶೇಖರಣಾ ಮಾನಕದ ಆದೇಶಗಳನ್ನು ಡ್ರೈವ್ ಅರಿಯುವ ಎಟಿಎ ಆದೇಶಗಳಾಗಿ ಬದಲಿಸುವುದು ಆ ಚಿಪ್‌ನ ಕೆಲಸ.

ಹಿನ್ನೆಲೆ

ವೆಸ್ಟರ್ನ್ ಡಿಜಿಟಲ್, ಕಂಟ್ರೋಲ್ ಡೇಟಾ ಮತ್ತು ಕಾಂಪ್ಯಾಕ್ ಕಂಪನಿಗಳು 1986ರ ಸುಮಾರಿಗೆ ರೂಪಿಸಿದ, ಮುಂದೆ ಎಟಿಎ ಎಂಬ ಹೆಸರಿನಲ್ಲಿ ಮಾನಕವಾದ ಐಡಿಇ ವ್ಯವಸ್ಥೆಯಲ್ಲಿ ನಿಯಂತ್ರಕ ಸರ್ಕ್ಯೂಟ್ ಡ್ರೈವಿನ ಮೇಲೆಯೇ ಬಂದಿತು. ಅದರ 40 ಪಿನ್‌ಗಳ ಪಟ್ಟಿ ಕೇಬಲ್ 18 ಅಂಗುಲಕ್ಕಿಂತ ಉದ್ದವಿರುವಂತಿರಲಿಲ್ಲ. ಕಂಪ್ಯೂಟರ್ ಚಾಲೂ ಇದ್ದಾಗ ಅದನ್ನು ಕಳಚುವಂತೆಯೂ ಇರಲಿಲ್ಲ. ಡ್ರೈವನ್ನು ಹೊರಗಿಡಬೇಕೆಂದರೆ ದುಬಾರಿಯಾದ ಸ್ಕಸಿ ಅಥವಾ ನಿಧಾನವಾದ ಪ್ರಿಂಟರ್ ಪೋರ್ಟನ್ನು ನೆಚ್ಚಬೇಕಿತ್ತು.

1996ರ ಜನವರಿಯಲ್ಲಿ ಏಳು ಕಂಪನಿಗಳ ಕೂಟ ಯುಎಸ್‌ಬಿಯ ಮೊದಲ ಆವೃತ್ತಿಯನ್ನು ಪ್ರಕಟಿಸಿತು. ಅದನ್ನು ರೂಪಿಸಿದ ಇಂಟೆಲ್ ತಂಡದ ಪ್ರಮುಖರಲ್ಲಿ ವಡೋದರಾದಲ್ಲಿ ಓದಿದ ಅಜಯ್ ಭಟ್ ಒಬ್ಬರು. ಶೇಖರಣಾ ಸಾಧನಗಳು ಯುಎಸ್‌ಬಿ ಮೇಲೆ ಹೇಗೆ ವ್ಯವಹರಿಸಬೇಕೆಂಬ ನಿಯಮ 1999ರಲ್ಲಿ ಸ್ಥಿರಗೊಂಡಿತು. ವಿಂಡೋಸ್ 98ಕ್ಕೆ ಪ್ರತ್ಯೇಕ ಡ್ರೈವರ್ ತಂತ್ರಾಂಶ ಬೇಕಿತ್ತು. ವಿಂಡೋಸ್ 2000ದಿಂದ ಮುಂದೆ ಆ ತಾಪತ್ರಯ ತಪ್ಪಿತು.

ವೇಗದ ಏರಿಕೆ

ಆರಂಭದ ಯುಎಸ್‌ಬಿಯ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್. ಸೆಕೆಂಡಿಗೆ ಸುಮಾರು 1 ಮೆಗಾಬೈಟ್ ಸಾಗಿದರೂ 10 ಗಿಗಾಬೈಟ್‌ನ ಡಿಸ್ಕನ್ನು ನಕಲು ಮಾಡಲು ಮೂರು ಗಂಟೆಯಷ್ಟು ಬೇಕು. 2000ದ ಏಪ್ರಿಲ್‌ನಲ್ಲಿ ಬಂದ ಯುಎಸ್‌ಬಿ 2.0 ವೇಗವನ್ನು 480 ಮೆಗಾಬಿಟ್‌ಗೆ ಏರಿಸಿದ್ದರಿಂದ ಅಡಾಪ್ಟರುಗಳು ನಿಜಕ್ಕೂ ಉಪಯುಕ್ತವಾದವು. 2003ರಲ್ಲಿ ಐಡಿಇಗೆ ಬದಲಾಗಿ ಏಳು ಪಿನ್‌ಗಳ ಸಪೂರ ಕೇಬಲಿನ ಸಾಟಾ ಬಂದಿತು. ಹಳೆಯ ಐಡಿಇ ಇನ್ನೂ ಬಳಕೆಯಲ್ಲಿದ್ದುದರಿಂದ ಲ್ಯಾಪ್‌ಟಾಪ್ ಡಿಸ್ಕಿನ 44 ಪಿನ್, ದೊಡ್ಡ ಡಿಸ್ಕಿನ 40 ಪಿನ್ ಮತ್ತು ಸಾಟಾ ಮೂರಕ್ಕೂ ಒದಗುವ ಅಡಾಪ್ಟರುಗಳು ತಯಾರಾದವು.

ಯುಎಸ್‌ಬಿ 2.0ರಲ್ಲಿ ವಾಸ್ತವವಾಗಿ ಸಿಗುತ್ತಿದ್ದುದು ಸೆಕೆಂಡಿಗೆ 30–40 ಮೆಗಾಬೈಟ್. ಡಿಸ್ಕುಗಳು ಅದನ್ನು ಬೇಗನೆ ಹಿಂದಿಕ್ಕಿದವು. 2008ರ ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ವೇಗದೊಂದಿಗೆ ಈ ಕಟ್ಟು ಸಡಿಲಿಸಿತು. ಒಂದು ಆದೇಶ ಮುಗಿಯುವವರೆಗೆ ಮುಂದಿನದು ಕಾಯಬೇಕಾಗಿದ್ದ ಹಳೆಯ ಕ್ರಮದ ಬದಲು ಹಲವನ್ನು ಒಟ್ಟಿಗೆ ಒಪ್ಪಿಸುವ ಯುಎಎಸ್‌ಪಿ ವಿಧಾನವೂ ಜಾರಿಗೆ ಬಂದಿತು. ವಿಂಡೋಸ್ 8 ಅದಕ್ಕೆ ಬೆಂಬಲ ನೀಡಿತು. ಸಾಟಾಕ್ಕಿಂತ ಬಹಳ ವೇಗದ ಎನ್‌ವಿಎಂಇ ಎಸ್‌ಎಸ್‌ಡಿಗಳು ಬಂದಾಗ ಯುಎಸ್‌ಬಿ ಮತ್ತೆ ಹಿಂದೆ ಬಿದ್ದಿತು: ಸೆಕೆಂಡಿಗೆ 3,000 ಮೆಗಾಬೈಟ್ ಮೀರಿ ಓದಬಲ್ಲ ಡ್ರೈವ್ 10 ಗಿಗಾಬಿಟ್‌ನ ಅಡಾಪ್ಟರಿನಲ್ಲಿ ಸುಮಾರು 1,000ಕ್ಕೆ ನಿಲ್ಲುತ್ತದೆ.

ತಾಂತ್ರಿಕ ಮಿತಿಗಳು

2.5 ಅಂಗುಲದ ಡಿಸ್ಕಿಗೆ 5 ವೋಲ್ಟ್ ಸಾಕು. ಆದರೆ ತಿರುಗಲು ಆರಂಭಿಸುವ ಕ್ಷಣದಲ್ಲಿ ಅದು ಯುಎಸ್‌ಬಿ 2.0 ಕೊಡುವ 500 ಮಿಲಿಆಂಪಿಯರ್ ಮೀರಬಹುದಾದ್ದರಿಂದ ಎರಡು ಪೋರ್ಟುಗಳಿಂದ ವಿದ್ಯುತ್ ಪಡೆಯುವ ಕವಲು ಕೇಬಲ್ ಬಂದಿತು. 3.5 ಅಂಗುಲದ ಡಿಸ್ಕಿನ ಮೋಟಾರಿಗೆ 12 ವೋಲ್ಟ್ ಬೇಕಾದ್ದರಿಂದ ಪ್ರತ್ಯೇಕ ಪವರ್ ಅಡಾಪ್ಟರ್ ಅನಿವಾರ್ಯ.

32 ಬಿಟ್ ವಿಳಾಸವನ್ನಷ್ಟೇ ಬಲ್ಲ ಹಳೆಯ ಚಿಪ್‌ಗಳು, 512 ಬೈಟ್‌ಗಳ ಸೆಕ್ಟರ್ ಲೆಕ್ಕದಲ್ಲಿ, 2.2 ಟೆರಾಬೈಟ್‌ಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಗುರುತಿಸಲಾರವು. ಕೆಲವು ಚಿಪ್‌ಗಳು ಸೆಕ್ಟರನ್ನು 4,096 ಬೈಟ್ ಎಂದು ತೋರಿಸಿ ಈ ಮಿತಿಯನ್ನು ದಾಟಿದವು. ಹಾಗೆ ಫಾರ್ಮ್ಯಾಟ್ ಆದ ಡಿಸ್ಕನ್ನು ನೇರವಾಗಿ ಸಾಟಾಕ್ಕೆ ಜೋಡಿಸಿದರೆ, ಮಾಹಿತಿ ಇದ್ದರೂ ವಿಭಾಗಗಳು ಕಾಣಿಸವು. ಡಿಸ್ಕಿನ ಆರೋಗ್ಯ ತಿಳಿಸುವ ಸ್ಮಾರ್ಟ್ ವಿವರಗಳನ್ನೂ ಆರಂಭದ ಅನೇಕ ಅಡಾಪ್ಟರುಗಳು ಕಂಪ್ಯೂಟರಿಗೆ ದಾಟಿಸುತ್ತಿರಲಿಲ್ಲ. ಅವನ್ನು ದಾಟಿಸುವ ಕ್ರಮವನ್ನೂ ಒಳಗೊಂಡ ಸ್ಕಸಿ–ಎಟಿಎ ಅನುವಾದದ ಮಾನಕ 2007ರಲ್ಲಿ ಪ್ರಕಟವಾಯಿತು.

ವಿಧಿವಿಜ್ಞಾನ ತನಿಖೆಯಲ್ಲಿ ಬಳಸುವ ರೈಟ್ ಬ್ಲಾಕರ್ ಇದೇ ಕುಟುಂಬದ್ದು. ಅದು ಓದುವ ಆದೇಶಗಳನ್ನು ಹಾದುಹೋಗಲು ಬಿಟ್ಟು, ಬರೆಯುವ ಆದೇಶಗಳನ್ನು ತಡೆದು, ಸಾಕ್ಷ್ಯ ಬದಲಾಗದಂತೆ ನೋಡಿಕೊಳ್ಳುತ್ತದೆ. ಆದರೆ ಆಪಲ್‌ನ 2016ರ ಟಚ್ ಬಾರ್ ಮ್ಯಾಕ್‌ಬುಕ್ ಪ್ರೊದಂತೆ ಶೇಖರಣಾ ಚಿಪ್‌ಗಳನ್ನು ಮುಖ್ಯ ಬೋರ್ಡಿಗೇ ಬೆಸೆದ ಯಂತ್ರಗಳಲ್ಲಿ ಬಿಚ್ಚಿ ತೆಗೆಯುವ ಡ್ರೈವ್ ಇಲ್ಲದ್ದರಿಂದ ಈ ಸಾಧನಗಳಿಗೆ ಕೆಲಸವಿಲ್ಲ.