ವಾಹನ ವಿಮಾ ಪರಿಹಾರ ವಿವಾದ

ವಾಹನ ವಿಮಾ ಪರಿಹಾರ ವಿವಾದ ಎಂದರೆ ಅಪಘಾತ, ಕಳವು, ಬೆಂಕಿ ಅಥವಾ ನೆರೆಯಿಂದ ಹಾನಿಗೊಂಡ ವಾಹನಕ್ಕೆ ಸಲ್ಲಿಸಿದ ಕ್ಲೇಮನ್ನು ವಿಮಾ ಕಂಪನಿಯು ತಿರಸ್ಕರಿಸಿದಾಗ, ವಿಳಂಬಿಸಿದಾಗ ಅಥವಾ ಕಡಿಮೆ ಮೊತ್ತಕ್ಕೆ ಇತ್ಯರ್ಥಪಡಿಸಿದಾಗ ಪಾಲಿಸಿದಾರನಿಗೂ ಕಂಪನಿಗೂ ನಡುವೆ ಉಂಟಾಗುವ ವ್ಯಾಜ್ಯ. ಈ ಲೇಖನವು ಭಾರತದಲ್ಲಿ ಕಾರುಗಳಿಗೆ ಅನ್ವಯಿಸುವ ನಿಯಮಗಳನ್ನು ಕುರಿತದ್ದು.

ಹಿನ್ನೆಲೆ

ಮೋಟಾರು ವಾಹನಗಳ ಕಾಯ್ದೆ, 1988ರ 146ನೆಯ ಕಲಮಿನಂತೆ ಮೂರನೆಯ ವ್ಯಕ್ತಿಯ ಹಾನಿಗೆ ವಿಮೆ ಮಾಡಿಸುವುದು ಕಡ್ಡಾಯ. ಸ್ವಂತ ವಾಹನದ ಹಾನಿಯ ವಿಮೆ ಐಚ್ಛಿಕವಾದದ್ದು. ಅದು ಕೇವಲ ಒಂದು ಕರಾರು. ಅಪಘಾತದಲ್ಲಿ ಗಾಯಗೊಂಡವರ ಅಥವಾ ಮೃತರ ವಾರಸುದಾರರ ಅರ್ಜಿಗಳು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತವೆ. ಸ್ವಂತ ಹಾನಿಯ ವಿವಾದದ ದಾರಿಯೇ ಬೇರೆ. ಈ ಎರಡನ್ನೂ ಒಂದೆಂದು ತಿಳಿದು ತಪ್ಪು ಬಾಗಿಲು ತಟ್ಟುವವರು ಕಡಿಮೆಯೇನಲ್ಲ.

ಮೊತ್ತದ ಬಗೆಗಿನ ವಿವಾದ

ಹೆಚ್ಚಿನ ತಕರಾರುಗಳು ಸವಕಳಿಯ ಲೆಕ್ಕದಿಂದ ಹುಟ್ಟುತ್ತವೆ. ಪ್ರಚಲಿತ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ರಬ್ಬರು, ಪ್ಲಾಸ್ಟಿಕ್ ಭಾಗಗಳು, ಟೈರು ಹಾಗೂ ಬ್ಯಾಟರಿಗೆ ಶೇ. 50, ಫೈಬರ್ ಗ್ಲಾಸಿಗೆ ಶೇ. 30 ಕಡಿತವಿದ್ದು, ಗಾಜಿಗೆ ಕಡಿತವಿರುವುದಿಲ್ಲ. ಲೋಹದ ಭಾಗಗಳ ಕಡಿತ ವಾಹನದ ವಯಸ್ಸಿನೊಡನೆ ಏರುತ್ತದೆ. ಉದಾಹರಣೆಗೆ, 4 ವರ್ಷ ದಾಟಿ 5 ತುಂಬದ ಕಾರಿನ ಲೋಹದ ಬಾಗಿಲಿನ ಬೆಲೆ 20,000 ರೂಪಾಯಿ ಎಂದಾದರೆ ಶೇ. 35ರಂತೆ 7,000 ಕಳೆಯುತ್ತದೆ, 1500 ಸಿ.ಸಿ. ಮೀರದ ಕಾರಿಗಿರುವ 1,000 ರೂಪಾಯಿಯ ಕಡ್ಡಾಯ ಕಡಿತವೂ ಸೇರಿ, ಕೂಲಿಯ ಮಾತು ಬಿಟ್ಟರೆ, ಮಾಲೀಕನಿಗೆ ದಕ್ಕುವುದು 12,000. ಇದು ಅನ್ಯಾಯವೆಂದು ತೋರಿದರೂ ಕರಾರಿನಲ್ಲಿಯೇ ಇರುವುದರಿಂದ ಪ್ರಶ್ನಿಸಿ ಪ್ರಯೋಜನವಿಲ್ಲ. ಹೆಚ್ಚುವರಿ ಕಂತು ಕಟ್ಟಿ ಸವಕಳಿರಹಿತ ರಕ್ಷಣೆ ಪಡೆದವರಿಗೆ ಮಾತ್ರ ಈ ಸವಕಳಿ ಕಡಿತದಿಂದ ವಿನಾಯಿತಿ.

ಹಾನಿಯ ಅಂದಾಜು ಮಾಡುವವನು ಪರವಾನಗಿ ಪಡೆದ ಸರ್ವೇಯರ್. ಅವನ ವರದಿಗೆ ಮಹತ್ತ್ವವಿದ್ದರೂ ಅದೇ ಅಂತಿಮವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ವರದಿಯ ಪ್ರತಿಯನ್ನು ಕೇಳಿ ಪಡೆದು, ಗ್ಯಾರೇಜಿನ ಬಿಲ್ಲಿನೊಡನೆ ಒಂದೊಂದೇ ಬಾಬನ್ನು ಹೋಲಿಸಿ ನೋಡುವುದು ವಿವಾದದ ಮೊದಲ ಕೆಲಸ.

ತಿರಸ್ಕಾರದ ಕಾರಣಗಳು

ಚಾಲಕನಿಗೆ ಸಿಂಧುವಾದ ಪರವಾನಗಿ ಇಲ್ಲದಿರುವುದು, ಖಾಸಗಿ ಕಾರನ್ನು ಬಾಡಿಗೆಗೆ ಓಡಿಸಿರುವುದು, ಮದ್ಯಪಾನ, ಕೊಂಡ ಕಾರಿನ ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳದಿರುವುದು ಸಾಮಾನ್ಯವಾಗಿ ಮುಂದಿಡುವ ಕಾರಣಗಳು. ನಿಬಂಧನೆ ಮುರಿದ ಮಾತ್ರಕ್ಕೆ ಎಲ್ಲವೂ ಹೋಯಿತೆಂದಲ್ಲ. ಬಾಡಿಗೆಗೆ ಬಳಸಿದ ವಾಹನಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ನಿತಿನ್ ಖಂಡೇಲ್ವಾಲ್ (2008) ಪ್ರಕರಣದಲ್ಲಿ ಶೇ. 75ರಷ್ಟು ಪರಿಹಾರವನ್ನು ಎತ್ತಿಹಿಡಿದಿದೆ, ಅಮಲೇಂದು ಸಾಹು (2010) ಪ್ರಕರಣದಲ್ಲಿಯೂ ಪರಿಹಾರ ಕೊಡಿಸಿದೆ. ಇದಕ್ಕೆ ವ್ಯತಿರಿಕ್ತವಾಗಿ, ತಾತ್ಕಾಲಿಕ ನೋಂದಣಿಯ ಅವಧಿ ಮುಗಿದ ಮೇಲೆ ಕಳುವಾದ ಕಾರಿನ ಕ್ಲೇಮನ್ನು ಸುಶೀಲ್ ಕುಮಾರ್ ಗೋದಾರ ಪ್ರಕರಣದಲ್ಲಿ (2021) ಒಪ್ಪಲಿಲ್ಲ.

ತಡವಾಗಿ ತಿಳಿಸಿದಿರಿ ಎಂಬುದು ಹಳೆಯ ನೆಪ. ನೈಜವಾದ ಕ್ಲೇಮನ್ನು ವಿಳಂಬದ ಕಾರಣದಿಂದಲೇ ತಳ್ಳಿಹಾಕಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2011ರಲ್ಲಿಯೇ ಸುತ್ತೋಲೆ ಹೊರಡಿಸಿತ್ತು. ಕಳವಾದೊಡನೆ ಪೊಲೀಸರಲ್ಲಿ ಎಫ್‌ಐಆರ್ ದಾಖಲಾಗಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದ್ದು ನಿರಾಕರಣೆಗೆ ಆಧಾರವಲ್ಲವೆಂದು ಗುರ್‌ಶಿಂದರ್ ಸಿಂಗ್ ಪ್ರಕರಣದಲ್ಲಿ (2020) ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ದೂರು ಕೊಡುವುದರಲ್ಲಿಯೇ ಕಾರಣವಿಲ್ಲದೆ ತಡಮಾಡಿದವರಿಗೆ ಈ ಆಶ್ರಯ ದೊರೆಯುವುದು ಕಷ್ಟ.

2022ರ ಸೆಪ್ಟೆಂಬರಿನ ಬೆಂಗಳೂರು ನೆರೆಯಂತಹ ಸಂದರ್ಭಗಳಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ನೀರಿನಲ್ಲಿ ನಿಂತ ಕಾರನ್ನು ಚಾಲೂ ಮಾಡಿದಾಗ ಎಂಜಿನ್ನಿನೊಳಗೆ ನೀರು ನುಗ್ಗಿ ಅದು ಕೆಟ್ಟರೆ, ಕಂಪನಿಗಳು ಅದನ್ನು ನೆರೆಯ ನೇರ ಹಾನಿಯೆಂದು ಪರಿಗಣಿಸದೆ, ಅನಂತರದ ಹಾನಿಯೆಂದು ಕೈಬಿಡುತ್ತವೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಇಲ್ಲದವರು ಕಾರನ್ನು ಚಾಲೂ ಮಾಡದೆ ಎಳೆಸಿಕೊಂಡು ಹೋಗುವುದೇ ಮೇಲು.

ಪರಿಹಾರದ ಮಾರ್ಗಗಳು

ನಿರಾಕರಣೆಯನ್ನು ಕಾರಣಸಹಿತ ಬರಹದಲ್ಲಿ ಪಡೆಯಬೇಕು. ಆ ಪತ್ರದಲ್ಲಿ ಹೇಳದ ಹೊಸ ಕಾರಣವನ್ನು ಕಂಪನಿಯು ಮುಂದೆ ಆಯೋಗದೆದುರು ಎತ್ತುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿರುವುದರಿಂದ ಈ ಒಂದು ಹಾಳೆಗೆ ಬಹಳ ಬೆಲೆಯಿದೆ. ಕಡಿಮೆ ಮೊತ್ತಕ್ಕೆ ‘ಪೂರ್ಣ ಮತ್ತು ಅಂತಿಮ’ ಎಂದು ರುಜು ಹಾಕಿದ್ದರೂ, ಅದನ್ನು ವಂಚನೆಯಿಂದ ಅಥವಾ ಬಲವಂತದಿಂದ ಪಡೆದದ್ದೆಂದು ಸಾಬೀತಾದರೆ ಗ್ರಾಹಕನ ಹಕ್ಕು ಉಳಿಯುತ್ತದೆ (1999ರ ತೀರ್ಪು). ಸಾಬೀತುಪಡಿಸುವ ಹೊಣೆ ಮಾತ್ರ ಅವನದೇ.

ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೆ. ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣದ ಮೂಲಕವೂ ಸಲ್ಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ಒಂದು ವರ್ಷದೊಳಗೆ ವಿಮಾ ಲೋಕಪಾಲರ ಮೊರೆಹೋಗಬಹುದು. 2017ರ ನಿಯಮಗಳಡಿ ಇಲ್ಲಿ ಶುಲ್ಕವಿಲ್ಲ, ವಕೀಲರಿಗೆ ಅವಕಾಶವೂ ಇಲ್ಲ. ಮೊತ್ತದ ಮಿತಿಯನ್ನು 2023ರಲ್ಲಿ 30 ಲಕ್ಷದಿಂದ 50 ಲಕ್ಷ ರೂಪಾಯಿಗೆ ಏರಿಸಲಾಯಿತು. ಕರ್ನಾಟಕದ ದೂರುಗಳನ್ನು ನೋಡುವ ಕಚೇರಿ ಬೆಂಗಳೂರಿನಲ್ಲಿದೆ. ಲೋಕಪಾಲರ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, ದೂರುದಾರನನ್ನಲ್ಲ. ಅವನು ಒಪ್ಪದೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ಆದರೆ ಆಯೋಗದಲ್ಲಿ ಪ್ರಕರಣ ಹೂಡಿದವನ ದೂರನ್ನು ಲೋಕಪಾಲರು ಸ್ವೀಕರಿಸುವುದಿಲ್ಲ. ಹಾಗಾಗಿ ಸಣ್ಣ ಮೊತ್ತದ ವಿವಾದಗಳಲ್ಲಿ ಮೊದಲು ಲೋಕಪಾಲರ ಬಳಿಗೆ ಹೋಗುವುದು ಜಾಣತನ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ವ್ಯಾಜ್ಯಕಾರಣ ಹುಟ್ಟಿದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ಯಾವ ಆಯೋಗವೆಂಬುದನ್ನು ತೆತ್ತ ಕಂತಿನ ಮೊತ್ತ ನಿರ್ಧರಿಸುವುದರಿಂದ ಕಾರಿನ ವಿವಾದಗಳು ಸಾಮಾನ್ಯವಾಗಿ ಜಿಲ್ಲಾ ಆಯೋಗಕ್ಕೇ ಬರುತ್ತವೆ. ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ಅದನ್ನು ಹೂಡಬಹುದು.