ಮೋಟಾರಿಗೂ ಮಳೆಗೂ ಹಳೇ ಹಗೆತನ

ಮಳೆಗಾಲ ಮುಗಿದು ತೋಟಕ್ಕೆ ನೀರು ಬಿಡುವ ಕಾಲ ಬಂತು ಅಂದ್ರೆ ರಿವೈಂಡಿಂಗ್ ಅಂಗಡಿಯವರಿಗೆ ಕೈತುಂಬಾ ಕೆಲಸ. ನಾಲ್ಕು ತಿಂಗಳು ಸುಮ್ಮನೆ ಕೂತಿದ್ದ ಪಂಪ್‌ಸೆಟ್ ಮೋಟಾರು ಮೊದಲ ದಿನ ಸ್ವಿಚ್ ಹಾಕಿದ ಕೂಡಲೇ ಸುಟ್ಟುಹೋಗುತ್ತೆ. ಓಡುವಾಗ ಹಾಳಾಗದ್ದು ಸುಮ್ಮನಿದ್ದಾಗ ಹಾಳಾಯಿತೇ? ಹೌದು! ಇದರ ಹಿಂದೆ ಸುಮಾರು ಇನ್ನೂರು ವರ್ಷಗಳ ಕತೆಯಿದೆ.

ಮೋಟಾರಿನ ಜೀವ ಇರೋದು ತಾಮ್ರದ ತಂತಿಯ ಸುತ್ತುಗಳಲ್ಲಿ. ಒಂದು ಸುತ್ತು ಇನ್ನೊಂದಕ್ಕೆ ತಾಗಬಾರದು. 1830ರ ಸುಮಾರಿಗೆ ಅಮೆರಿಕದ ಜೋಸೆಫ್ ಹೆನ್ರಿ ತನ್ನ ವಿದ್ಯುತ್ಕಾಂತಗಳ ತಂತಿಗೆ ರೇಷ್ಮೆ ಸುತ್ತಿದ. ಆಮೇಲೆ ಹತ್ತಿ ನೂಲು ಬಂತು. ಅಗ್ಗವೇನೋ ಹೌದು, ಆದರೆ ಹತ್ತಿ ಗಾಳಿಯ ತೇವವನ್ನೆಲ್ಲ ಕುಡಿದುಬಿಡುತ್ತೆ. ತೇವದ ಜೊತೆ ಧೂಳು, ಉಪ್ಪು ಸೇರಿದರೆ ಕರೆಂಟಿಗೆ ಅಡ್ಡದಾರಿ ಸಿಕ್ಕಂತೆಯೇ.

ಇದಕ್ಕೆ ಸಿಕ್ಕ ಮದ್ದುಗಳಲ್ಲೊಂದು ಅರಗು! ನಮ್ಮ ದೇಶದ ಕಾಡುಗಳ ಅರಗಿನ ಹುಳುವಿನಿಂದ ಬರುವ ಷೆಲಾಕ್ ಅನ್ನು ವಾರ್ನಿಶ್ ಮಾಡಿ ಸುರುಳಿಗೆ ಕುಡಿಸುತ್ತಿದ್ದರು. ಆದರೆ ಅರಗು ಬಿಸಿಗೆ ಮೆತ್ತಗಾಗುತ್ತೆ. (ಪಾಂಡವರನ್ನು ಕೇಳಿದ್ದರೆ ಹೇಳುತ್ತಿದ್ದರು :)) ಅರಗಿಗೆ ಬದಲಿ ಹುಡುಕುತ್ತಾ ಹೋದ ಲಿಯೋ ಬೇಕ್‌ಲ್ಯಾಂಡ್‌ಗೆ 1907ರಲ್ಲಿ ಸಿಕ್ಕಿದ್ದೇ ಬೇಕಲೈಟ್. ಕೃತಕ ರಾಳಗಳ ಕಾಲ ಶುರುವಾಯಿತು.

ಸರಿ, ತಂತಿಯ ಸಮಸ್ಯೆ ಮುಗಿಯಿತು. ಮೋಟಾರನ್ನೇ ಪೂರ್ತಿ ಮುಚ್ಚಿಬಿಟ್ಟರೆ? ಒಳಗಿನ ಬಿಸಿ ಎಲ್ಲಿಗೆ ಹೋಗಬೇಕು? ಅದಕ್ಕೇ ಹೊರಮೈಗೆ ಏಣುಗಳು, ಹಿಂದೆ ಒಂದು ಫ್ಯಾನು. ಇಂದಿಗೂ ನಾವು ನೋಡುವ ಮೋಟಾರಿನ ರೂಪ ಇದೇ. 1976ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ (ಐಇಸಿ) ಐಪಿ ಸಂಖ್ಯೆಗಳ ಪ್ರಮಾಣಕವನ್ನು ಪ್ರಕಟಿಸಿತು. ಐಪಿ 55 ಅಂದರೆ ಮೊದಲ 5 ಧೂಳಿಗೆ, ಎರಡನೆಯ 5 ಪೈಪಿನಿಂದ ಚಿಮ್ಮುವ ನೀರಿಗೆ.

ಆದರೆ ಮುಚ್ಚಿದ ಮೋಟಾರೂ ಉಸಿರಾಡುತ್ತೆ! ಓಡುವಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತೆ. ನಿಂತು ತಣ್ಣಗಾದಾಗ ಶಾಫ್ಟಿನ ಸಂದಿನಿಂದ ತೇವದ ಗಾಳಿ ಒಳಗೆ ಬರುತ್ತೆ, ರಾತ್ರಿ ಹನಿಯಾಗುತ್ತೆ. ಐಪಿ ಸಂಖ್ಯೆ ಹೊರಗಿನ ನೀರನ್ನು ತಡೆಯುವ ಮಾತು, ಈ ಹನಿಯದ್ದಲ್ಲ. ಅದಕ್ಕೇ ತಳದಲ್ಲಿ ನೀರು ಬಸಿಯುವ ತೂತು. ದೊಡ್ಡ ಮೋಟಾರುಗಳಲ್ಲಿ, ನಿಂತಾಗ ಬೆಚ್ಚಗಿಡಲು ಪುಟ್ಟ ಹೀಟರ್.

ಇದನ್ನೆಲ್ಲ ತಲೆಕೆಳಗು ಮಾಡಿದವನು ಟಿಫ್ಲಿಸ್‌ನಲ್ಲಿ ಹುಟ್ಟಿದ ಅರ್ಮೇನಿಯನ್ ಇಂಜಿನಿಯರ್ ಅರ್ಮೈಸ್ ಅರುಟುನೋಫ್. ಗಾಳಿಯಿದ್ದರೆ ತಾನೇ ತೊಂದರೆ? ಮೋಟಾರಿನೊಳಗೆ ಎಣ್ಣೆ ತುಂಬಿಸಿ, ಒಳಗಿನ ಒತ್ತಡವನ್ನು ಹೊರಗಿನದಕ್ಕೆ ಸಮ ಮಾಡಿದ. 1920ರ ದಶಕದ ಕೊನೆಗೆ ಅವನ ಪಂಪು ಅಮೆರಿಕದ ಕಾನ್ಸಾಸ್‌ನ ತೈಲಬಾವಿಗೆ ಇಳಿಯಿತು. ನಮ್ಮ ಬೋರ್‌ವೆಲ್ಲಿನ ಎಷ್ಟೋ ಸಬ್‌ಮರ್ಸಿಬಲ್‌ಗಳು ಇನ್ನೂ ಮುಂದೆ ಹೋಗಿ, ತಂತಿಗೇ ಪ್ಲಾಸ್ಟಿಕ್ ಹೊದಿಸಿ ಒಳಗೆ ನೀರನ್ನೇ ತುಂಬಿಕೊಂಡಿವೆ. ಶತ್ರುವನ್ನೇ ಮನೆಗೆ ಕರೆದು ಕೂರಿಸಿದ ಹಾಗೆ!

ಮೇಲೆ ಕೂತಿರುವ ಮೋಟಾರಿಗೆ ಮಾತ್ರ ಹಳೇ ಉಪಾಯವೇ ಗತಿ. 1889ರಲ್ಲಿ ಇಂಗ್ಲೆಂಡಿನ ಸಿಡ್ನಿ ಎವರ್‌ಷೆಡ್ ಇನ್ಸುಲೇಶನ್ ಪರೀಕ್ಷಿಸುವ ಉಪಕರಣ ಮಾಡಿದ. 1903ರಿಂದ ಅದರ ಹೆಸರು ಮೆಗ್ಗರ್. ಮಳೆಗಾಲದ ನಂತರ ಸ್ವಿಚ್ ಹಾಕುವ ಮೊದಲು ಎಲೆಕ್ಟ್ರಿಷಿಯನ್‌ನಿಂದ ಒಮ್ಮೆ ಮೆಗ್ಗರ್ ಹಿಡಿಸಿ. 1 ಮೆಗಾಓಮ್‌ಗಿಂತ ಕಮ್ಮಿ ಬಂದರೆ ಮೊದಲು ಒಣಗಿಸಬೇಕು. ಬಸಿಯುವ ತೂತಿನ ಮಣ್ಣು ತೆಗೆಯಿರಿ. ಅರ್ಥಿಂಗ್ ಗಟ್ಟಿಯಾಗಿದೆಯಾ ನೋಡಿಸಿ. ತೇವ ಹಿಡಿದ ಮೋಟಾರಿನ ಕರೆಂಟು ಮೈಗೆ, ಅಂದ್ರೆ ಅದರ ಕಬ್ಬಿಣದ ಕವಚಕ್ಕೆ ಬಂದರೆ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವರ ಪ್ರಾಣವೇ ಹೋಗಬಹುದು. ಸುಟ್ಟ ಮೋಟಾರನ್ನಾದರೆ ಮತ್ತೆ ಸುತ್ತಿಸಬಹುದು...